ತತ್ತಿ ತಿಂದ್ರೆ ಪಾಪನಾ? ಮಕ್ಕಳಿಗೆ ‘ನಮ್ಮ ಸರಿ, ಅವರ ಸರಿ’ ಕಲಿಸೋದು ಹೇಗೆ

ನಮ್ಮ ಕಡೆ ಮೊಟ್ಟೆಗೆ ತತ್ತಿ ಅಂತೀವಿ. 2021ರ ಡಿಸೆಂಬರ್‌ನಲ್ಲಿ ಸರ್ಕಾರಿ ಶಾಲೆಯ ಬಿಸಿಯೂಟದ ಜೊತೆ ತತ್ತಿ ಕೊಡಲು ಶುರು ಮಾಡಿದಾಗ, ಮೊದಲು ಕೊಟ್ಟಿದ್ದು ಏಳು ಜಿಲ್ಲೆಗಳಿಗೆ. ಅದರಲ್ಲಿ ನಮ್ಮ ಕೊಪ್ಪಳ, ಪಕ್ಕದ ರಾಯಚೂರು, ಬಳ್ಳಾರಿ ಮೂರೂ ಇದ್ದವು. ಮಕ್ಕಳು ಸೊರಗಿದ್ದಾರೆ, ತತ್ತಿ ಬೇಕು ಅಂತ ಒಂದು ಕಡೆ. ಶಾಲೆಯಲ್ಲಿ ತತ್ತಿ ಬೇಡವೇ ಬೇಡ ಅಂತ ಇನ್ನೊಂದು ಕಡೆ. ಟಿವಿಯಲ್ಲಿ ದೊಡ್ಡವರು ಜಗಳ ಆಡುತ್ತಿದ್ದರೆ ಶಾಲೆಯಲ್ಲಿ ಮಕ್ಕಳು ಎರಡು ಸಾಲಾದರು. ತತ್ತಿಯ ಸಾಲು, ಬಾಳೆಹಣ್ಣಿನ ಸಾಲು.

ನಮ್ಮದು ತತ್ತಿ, ಮಾಂಸ ಮುಟ್ಟದ ಮನೆ. ಮಗಳು ಈಗ ಮೂರನೇ ಕ್ಲಾಸು, ಬಾಳೆಹಣ್ಣಿನ ಸಾಲು. ಕೆಲವು ತಿಂಗಳ ಹಿಂದೆ ಒಂದು ಸಂಜೆ ಬಂದವಳೇ ಬ್ಯಾಗು ಮೂಲೆಗೆ ಒಗೆದು, ‘ಅವ್ವ, ನಾ ಇನ್ನ ಆಕಿ ಜೋಡಿ ಕುಂದ್ರಂಗಿಲ್ಲ’ ಅಂದಳು. ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತ ಗೆಳತಿ ಅವಳು. ಯಾಕವ್ವ ಅಂದೆ. ‘ಆಕಿ ತತ್ತಿ ತಿಂತಾಳ. ತತ್ತಿ ತಿಂದ್ರ ಪಾಪ ಬರತೈತಿ.’

ಯಾರು ಹೇಳಿದ್ದು ಅಂತ ಸಿಟ್ಟಿನಿಂದಲೇ ಕೇಳಿದೆ. ಅತ್ತೆ ಹೇಳಿರಬೇಕು ಅಂದುಕೊಂಡಿದ್ದೆ. ‘ನೀನೇ’ ಅಂದುಬಿಟ್ಟಳು. ಬಾಯಿ ಬಿಟ್ಟು ಹೇಳಿದ ನೆನಪಿಲ್ಲ. ಆದರೆ ಗೆಳತಿಯ ಡಬ್ಬಿ ಒಂದು ಸಲ ನಮ್ಮ ಮನೆಗೆ ಬಂದಾಗ ನಾನು ಅದನ್ನು ಎರಡು ಬೆರಳಲ್ಲಿ ಹಿಡಿದು ಬಚ್ಚಲಿಗೆ ಒಯ್ದಿದ್ದೆ. ಅವಳು ನೋಡಿದ್ದಾಳೆ.

ಅಲ್ಲಿಂದ ಇಲ್ಲಿಯವರೆಗೆ ನಮ್ಮ ಮನೆಯಲ್ಲಿ ಮಾಡಿ ನೋಡಿದ್ದನ್ನು ಬರೆಯುತ್ತಿದ್ದೇನೆ. ಮಗ ಹದಿಮೂರರವನು, ಮಗಳು ಎಂಟು ತುಂಬಿದವಳು. ನಿಮ್ಮ ಮಕ್ಕಳ ವಯಸ್ಸು ನೋಡಿ ಹಿಗ್ಗಿಸಿ, ಕುಗ್ಗಿಸಿ.

ಮೊದಲ ಹೆಜ್ಜೆ: ಮಕ್ಕಳನ್ನು ಬಿಡಿ, ನಿಮ್ಮ ಬಾಯಿ ಎಣಿಸಿ

ಒಂದು ವಾರ ಮಕ್ಕಳಿಗೆ ಏನೂ ಕಲಿಸಬೇಡಿ. ಅಡುಗೆಮನೆಯ ಗೋಡೆ ಕ್ಯಾಲೆಂಡರ್ ಪಕ್ಕ ಪೆನ್ಸಿಲ್ ತೂಗುಹಾಕಿ, ನಿಮ್ಮ ಬಾಯಿಂದ ‘ತಪ್ಪು’, ‘ಛೀ’, ‘ಪಾಪ’, ‘ನಮ್ಮಂಥವರು ಹಂಗ ಮಾಡಬಾರದು’ ಬಂದಾಗಲೆಲ್ಲ ಒಂದು ಗೀಟು ಹಾಕಿ. ನಾನು ಎರಡೇ ದಿನಕ್ಕೆ ನಾಚಿ ನಿಲ್ಲಿಸಿದೆ.

ಗೀಟಿನ ಲೆಕ್ಕಕ್ಕಿಂತ ನನ್ನ ಕಣ್ಣು ತೆರೆಸಿದ್ದು ಬೇರೆ. ತಂಗಿಗೆ ಹೊಡೆಯೋದು ತಪ್ಪು. ಮಂಗಳವಾರ ಕಟಿಂಗ್ ಮಾಡಿಸೋದು ತಪ್ಪು. ಸುಳ್ಳು ಹೇಳೋದು ತಪ್ಪು. ಚಪ್ಪಲಿ ಹಾಕಿಕೊಂಡು ಒಳಗೆ ಬರೋದು ತಪ್ಪು. ಸಂಜೆ ದೀಪ ಹಚ್ಚಿದ ಮೇಲೆ ಕಸ ಹೊಡೆಯೋದು ತಪ್ಪು. ಎಲ್ಲದಕ್ಕೂ ಒಂದೇ ಮಾತು, ಒಂದೇ ದನಿ. ಮಗು ಏನು ತಿಳಿಯಬೇಕು? ಮಂಗಳವಾರ ಕಟಿಂಗ್ ಅಂಗಡಿಗೆ ಹೋದವನೂ ತಂಗಿಗೆ ಹೊಡೆದವನೂ ಒಂದೇ ಅಂತ ತಾನೆ?

ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗಬೇಡಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಎರಡನೇ ಹೆಜ್ಜೆ: ಮೂರು ಡಬ್ಬಿ ಆಟ

ಮೂರು ಖಾಲಿ ಡಬ್ಬಿ ತಗೊಳ್ಳಿ. ಐಸ್‌ಕ್ರೀಂ ಡಬ್ಬಿ ಆದರೂ ಆದೀತು. ಒಂದರ ಮೇಲೆ ‘ಯಾರಿಗಾದರೂ ನೋವು’, ಎರಡನೆಯದರ ಮೇಲೆ ‘ನಮ್ಮ ಮನೆ ರೂಢಿ’, ಮೂರನೆಯದರ ಮೇಲೆ ‘ಅವರವರ ಇಷ್ಟ’ ಅಂತ ಬರೆಯಿರಿ. ಕ್ಯಾಲೆಂಡರ್ ಪಕ್ಕ ಗೀಟು ಬಿದ್ದ ಒಂದೊಂದು ಮಾತನ್ನೂ ಚೀಟಿಯಲ್ಲಿ ಬರೆದು, ಯಾವುದು ಯಾವ ಡಬ್ಬಿಗೆ ಅಂತ ಮಕ್ಕಳನ್ನೇ ಕೇಳಿ. ನೀವು ಬಾಯಿ ಹಾಕಬೇಡಿ. ಕಷ್ಟ, ಗೊತ್ತು.

ಇಷ್ಟು ಸಣ್ಣ ಮಕ್ಕಳಿಗೆ ಇದೆಲ್ಲ ತಿಳಿಯುತ್ತಾ ಅನ್ನೋರಿಗೆ ಒಂದು ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಟ್ಯೂರಿಯಲ್ ಮತ್ತು ಅವರ ಜೊತೆಯವರು 1970, 80ರ ದಶಕದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಇಂಥದ್ದನ್ನೇ ಕೇಳುತ್ತಾ ಹೋದರು. ಶಾಲೆಗೆ ಹೋಗುವ ಮುಂಚಿನ ಮೂರು, ನಾಲ್ಕು ವರ್ಷದ ಮಕ್ಕಳಿಗೂ ಹೊಡೆಯೋದು ಬೇರೆ, ನಿಯಮ ಮುರಿಯೋದು ಬೇರೆ ಅನ್ನೋದು ಒಂದು ಮಟ್ಟಿಗೆ ತಿಳಿದಿರುತ್ತೆ ಅಂತ ಗೊತ್ತಾಯ್ತು. ನಾನೂ ಮಗಳನ್ನು ಕೇಳಿದೆ. ‘ನಾಳೆ ಯೂನಿಫಾರ್ಮ್ ಬ್ಯಾಡ ಅಂತ ಟೀಚರ್ ಅಂದ್ರ?’ ಕುಣಿದಾಡಿದಳು, ಬಣ್ಣದ ಫ್ರಾಕು ಹಾಕ್ಕೊಂಡು ಹೋಗ್ತೀನಿ ಅಂತ. ‘ಪಕ್ಕದಾಕಿಗೆ ಹೊಡಿ, ಏನೂ ಆಗಂಗಿಲ್ಲ ಅಂತ ಟೀಚರ್ ಅಂದ್ರ?’ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ‘ಆಕಿಗೆ ನೋವಾಗ್ತೈತಲ್ಲವ್ವ’ ಅಂದಳು. ತಿಳಿವಳಿಕೆ ಮಗುವಿನಲ್ಲೇ ಇತ್ತು. ಎಲ್ಲವನ್ನೂ ‘ತಪ್ಪು’ ಅಂತ ಒಂದೇ ಗಂಟು ಕಟ್ಟಿದ್ದು ನಾನು.

ಕಟಿಂಗ್, ಚಪ್ಪಲಿ, ಕಸ ಎಲ್ಲ ಪಟಪಟ ಎರಡನೇ ಡಬ್ಬಿಗೆ ಬಿದ್ದವು. ಹೊಡೆಯೋದು, ಕದಿಯೋದು ಮೊದಲನೆಯದಕ್ಕೆ. ಆಮೇಲೆ ಬಂತು ನೋಡಿ, ‘ಮಾಂಸ ತಿನ್ನೋದು’ ಅನ್ನೋ ಚೀಟಿ. ಮಗಳು ರೂಢಿಗೆ ಹಾಕಿದಳು. ಮಗ ಅದನ್ನು ತೆಗೆದು, ‘ಕೋಳಿಗೆ ನೋವಾಗಂಗಿಲ್ಲೇನು?’ ಅಂತ ಮೊದಲನೇ ಡಬ್ಬಿಗೆ ಹಾಕಿದ. ನಮ್ಮ ಮನೆಯವರು ಪೇಪರ್ ಓದುತ್ತಾ ಕೂತಲ್ಲಿಂದಲೇ, ‘ಅವರವರ ಇಷ್ಟಕ್ಕೆ ಹಾಕ್ರಿ’ ಅಂದರು. ಜಗಳವೇ ಆಯ್ತು. ಆ ಚೀಟಿ ಯಾವ ಡಬ್ಬಿಗೂ ಹೋಗದೆ ಫ್ರಿಡ್ಜಿನ ಮೇಲೆ ಉಳಿಯಿತು.

ಈ ಆಟ ಇರೋದೇ ಆ ಚೀಟಿಗಾಗಿ. ಎಲ್ಲ ಚೀಟಿಯೂ ಸಲೀಸಾಗಿ ಬಿದ್ದರೆ ಕಲಿಯೋಕೆ ಏನೂ ಇಲ್ಲ. ಸಿಕ್ಕಿಬಿದ್ದ ಚೀಟಿ ಬಂದಾಗ ಮಕ್ಕಳಿಗೆ ತೋರಿಸಿ: ನೋಡ್ರಿ, ಒಂದೇ ಮನೆಯ ನಾಲ್ಕು ಮಂದಿ, ಒಬ್ಬರಿಗೊಬ್ಬರು ಪ್ರೀತಿ ಇರೋರು, ಯಾರೂ ಕೆಟ್ಟವರಲ್ಲ, ಆದರೂ ಇದು ಯಾವ ಡಬ್ಬಿಗೆ ಅನ್ನೋದರಲ್ಲಿ ಒಮ್ಮತ ಇಲ್ಲ. ಹಂಗಿದ್ದ ಮೇಲೆ ಊರಿನಲ್ಲಿ ಎಲ್ಲರಿಗೂ ಒಮ್ಮತ ಇರಬೇಕು ಅನ್ನೋದು ಯಾವ ನ್ಯಾಯ? ಅಷ್ಟು ಹೇಳಿ ಬಿಟ್ಟುಬಿಡಿ. ತೀರ್ಪು ಕೊಡಬೇಡಿ.

ಐದಾರು ವರ್ಷದ ಕೂಸುಗಳಿಗೆ ಈ ಆಟದ ಅರ್ಧವೇ ಸಾಕು. ಜೀನ್ ಪಿಯಾಜೆ ಅನ್ನೋ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ 1932ರಲ್ಲಿ ಬರೆದ ಒಂದು ಪ್ರಯೋಗ ಇದೆ. ಒಬ್ಬ ಹುಡುಗ ಊಟಕ್ಕೆ ಕರೆದರು ಅಂತ ಬಾಗಿಲು ನೂಕಿದಾಗ ಹಿಂದಿದ್ದ 15 ಕಪ್ಪು ಗೊತ್ತಿಲ್ಲದೆ ಒಡೆದವು. ಇನ್ನೊಬ್ಬ ಅಮ್ಮ ಇಲ್ಲದಾಗ ಜಾಮ್ ಕದಿಯಲು ಹತ್ತಿ ಒಂದು ಕಪ್ಪು ಒಡೆದ. ಯಾರು ಜಾಸ್ತಿ ಕೆಟ್ಟವ? ಸಣ್ಣ ಮಕ್ಕಳು ಹೆಚ್ಚಾಗಿ 15 ಒಡೆದವನನ್ನೇ ತೋರಿಸುತ್ತಾರೆ, ದೊಡ್ಡವರಾಗುತ್ತಾ ಉದ್ದೇಶ ನೋಡುತ್ತಾರೆ. ಹಾಗಾಗಿ ಸಣ್ಣವರಿಗೆ ಉಪದೇಶ ಬೇಡ, ‘ಆಕಿ ಮನಸಿನ್ಯಾಗ ಏನಿತ್ತು?’ ಅಂತ ದಿನಕ್ಕೊಂದು ಸಲ ಕೇಳಿದರೆ ಸಾಕು.

ಮೂರನೇ ಹೆಜ್ಜೆ: ‘ನಮ್ಮ ಮನೇಲಿ’ ಅಂತ ಶುರು ಮಾಡಿ

ಇದು ಬರೀ ಮಾತಿನ ಅಭ್ಯಾಸ. ‘ತತ್ತಿ ತಿನ್ನಬಾರದು’ ಅನ್ನೋ ಕಡೆ ‘ನಮ್ಮ ಮನೇಲಿ ತತ್ತಿ ತಿನ್ನಲ್ಲ’ ಅನ್ನಿ. ‘ಹೆಣ್ಮಕ್ಕಳು ಹಿಂಗೆ ಕೂರಬಾರದು’ ಅನ್ನೋ ಮುಂಚೆ ಅದು ನಿಜಕ್ಕೂ ನಿಮ್ಮ ಮನೆ ರೂಢಿನಾ, ಇಲ್ಲ ಸುಮ್ನೆ ಬಾಯಿಗೆ ಬಂದದ್ದಾ ಅಂತ ಒಂದು ಕ್ಷಣ ಯೋಚಿಸಿ. ಅರ್ಧ ಮಾತು ಅಲ್ಲೇ ಬಿದ್ದುಹೋಗುತ್ತೆ.

ಮಗು ಬಿಡಲ್ಲ, ಕೇಳೇ ಕೇಳುತ್ತೆ: ಹಂಗಾದ್ರೆ ಅವರು ಮಾಡೋದು ತಪ್ಪಾ? ನಾನು ಹೇಳೋದು ಇಷ್ಟು: ‘ಅವರಿಗೆ ಅದು ತಪ್ಪು ಅನ್ನಿಸಲ್ಲ. ನಮಗೆ ಬೇಡ ಅನ್ನಿಸ್ತದೆ. ಯಾಕೆ ಅಂತ ಬೇಕಿದ್ದರೆ ಹೇಳ್ತೀನಿ.’ ಮತ್ತೆ ಕಾರಣ ಹೇಳಬೇಕು. ‘ಮೊದಲಿಂದ ಹಂಗೇ’ ಅನ್ನೋದೂ ಒಂದು ಕಾರಣವೇ, ಅದನ್ನು ಪ್ರಾಮಾಣಿಕವಾಗಿ ಹೇಳಿ, ದೇವರ ತಲೆ ಮೇಲೆ ಹಾಕಬೇಡಿ.

ಒಂದು ಮಾತು ಮಾತ್ರ ಬೇಡ. ‘ಪಾಪ, ಅವರಿಗೆ ತಿಳಿಯಲ್ಲ ಬಿಡು.’ ಕೇಳೋಕೆ ಮೆತ್ತಗಿದೆ, ಆದರೆ ಒಳಗೆ ನಾವು ಮೇಲೆ, ಅವರು ಕೆಳಗೆ ಅನ್ನೋದೇ ಇದೆ. ಬೈದರೂ ಪರವಾಗಿಲ್ಲ ಅನ್ನಿಸುತ್ತೆ ನನಗೆ, ಈ ಅಯ್ಯೋಪಾಪ ಬೇಡ.

ನಾಲ್ಕನೇ ಹೆಜ್ಜೆ: ಬೇರೆಯವರ ಮನೆಗೆ ಕಳಿಸಿ

ಮನೆಯೊಳಗೆ ಕೂತು ಎಷ್ಟು ಚೀಟಿ ಹಾಕಿದರೂ ಅಷ್ಟೇ. ನಮ್ಮ ಸೀಮೆಯಷ್ಟು ಬಗೆಬಗೆಯ ಜನ ಇರೋ ಜಾಗ ಕಡಿಮೆ, ಅದನ್ನು ಬಳಸಿಕೊಳ್ಳಿ. ಗಂಗಾವತಿ ಕಡೆ ಹೋದರೆ ತೆಲುಗು ಮಾತಾಡುವ ಕ್ಯಾಂಪುಗಳು, ಸಿಂಧನೂರು ಕಡೆ ಹೋದರೆ ಪೂರ್ವ ಪಾಕಿಸ್ತಾನದಿಂದ ಬಂದು ನೆಲೆಸಿದ ಬಂಗಾಳಿಗಳ ಕ್ಯಾಂಪು. ಅವರ ಮನೆಯಲ್ಲಿ ಮೀನು ಮಂಗಳದ ಅಡುಗೆ, ಮದುವೆಗೂ ಬೇಕು. ನಮ್ಮಲ್ಲಿ ಪೂಜೆ ದಿನ ಮೀನು ಅಂದರೆ ಮನೆ ತೊಳೀಬೇಕು.

ಮೊಹರಂ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ಅಲಾಯಿ ದೇವರು (ಮೊಹರಂನಲ್ಲಿ ಪೂಜಿಸುವ ಪಂಜಾಗಳು) ಕೂಡಿಸೋದು ಬರೀ ಮುಸ್ಲಿಮರ ಹಬ್ಬ ಅಲ್ಲ, ಒಬ್ಬ ಮುಸ್ಲಿಮರೂ ಇಲ್ಲದ ಹಳ್ಳಿಗಳಲ್ಲೂ ಕೂಡಿಸುತ್ತಾರೆ. ರಾಯಚೂರು ಜಿಲ್ಲೆಯ ಮುದಗಲ್ಲಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಇಲ್ಲಿಯ ‘ಸೌಹಾರ್ದ’ ತೋರಿಸಿ ಮಕ್ಕಳಿಗೆ ಪಾಠ ಹೇಳೋದು ಸುಲಭ, ಎಲ್ಲರೂ ಅದನ್ನೇ ಮಾಡುತ್ತಾರೆ. ನನ್ನ ಮಕ್ಕಳು ಕಲಿತದ್ದು ಬೇರೆ.

ಪಕ್ಕದ ಮನೆಯ ಚಾಚಿ ಮೊಹರಂನ ಸಿಹಿ ತಿಂಡಿ ಚೊಂಗೆ ಮಾಡಿದ್ದರು. ನಾವು ಹೋಗಿ ಕೂತಿದ್ದೆವು. ಚಾಚಿ ಅಲಾಯಿ ದೇವರಿಗೆ ಸಕ್ಕರೆ ಓದಿಸಿಕೊಂಡು ಬಂದು ತಮ್ಮ ಮಗನ ಕೈಗೆ ಕೊಡಲು ಹೋದರೆ ಅವನು ಕೈ ಹಿಂದೆ ಕಟ್ಟಿದ. ಕಾಲೇಜು ಹುಡುಗ, ದಿನಕ್ಕೆ ಐದು ಹೊತ್ತು ನಮಾಜು ಮಾಡೋನು. ‘ಇದು ನಮ್ಮ ದೀನ್‌ನಲ್ಲಿ ಇಲ್ಲ ಅಮ್ಮಿ’ ಅಂದ. ದೀನ್ ಅಂದರೆ ಧರ್ಮ. ಚಾಚಿ ಏನೂ ಅನ್ನದೆ ಆ ಸಕ್ಕರೆಯನ್ನು ನನ್ನ ಮಗಳ ಅಂಗೈಗೆ ಹಾಕಿದರು. ಮಗನ ತಾಟಿಗೆ ಚೊಂಗೆ ಬಡಿಸಿದರು. ಅವನು ತಿಂದ. ಮನೆಗೆ ಬರುವಾಗ ಮಗಳು ಕೇಳಿದಳು, ‘ಅವ್ವ, ಅಣ್ಣ ಸರಿನೋ, ಚಾಚಿ ಸರಿನೋ?’ ‘ನೀನೇ ಅವರನ್ನ ಕೇಳು’ ಅಂದೆ. ಮರುದಿನ ಕೇಳಿಯೇಬಿಟ್ಟಳಂತೆ. ಚಾಚಿ ನಕ್ಕು, ‘ಅವನಿಗೆ ಅವನ ಓದು, ನನಗೆ ನನ್ನ ಅವ್ವ ಹೇಳಿಕೊಟ್ಟದ್ದು’ ಅಂದರಂತೆ.

ನನಗೆ ಇದಕ್ಕಿಂತ ಒಳ್ಳೆ ಪಾಠ ಕೊಡೋಕೆ ಆಗುತ್ತಿರಲಿಲ್ಲ. ‘ಮುಸ್ಲಿಮರು ಹಿಂಗೆ’, ‘ಅವರು ಹಂಗೆ’ ಅನ್ನೋ ಮಾತೇ ಸುಳ್ಳು ಅಂತ ಮಗಳಿಗೆ ಒಂದು ತಾಟು ಚೊಂಗೆಯಲ್ಲಿ ಗೊತ್ತಾಯ್ತು.

ಹೋಗುವ ಮುಂಚೆ ಮಕ್ಕಳಿಗೆ ಒಂದೆರಡು ಮಾತು ಕಲಿಸಿ. ಮೂಗು ಮುಚ್ಚಬಾರದು. ತಿನ್ನದಿದ್ದರೆ ‘ನನಗ ರೂಢಿ ಇಲ್ರಿ’ ಅನ್ನಬೇಕು, ಮುಖ ಸಿಂಡರಿಸಬಾರದು. ‘ನೀವು ಯಾಕ ಹಿಂಗ?’ ಅಂತ ಕೇಳಬಾರದು, ‘ಇದನ್ನ ಯಾಕ ಮಾಡ್ತಾರ್ರಿ?’ ಅಂತ ಎಷ್ಟು ಬೇಕಾದರೂ ಕೇಳಬಹುದು.

ಐದನೇ ಹೆಜ್ಜೆ: ಕನ್ನಡಿ ತಿರುಗಿಸಿ

ಇದನ್ನು ಹತ್ತು ಹನ್ನೆರಡು ದಾಟಿದ ಮಕ್ಕಳ ಜೊತೆ ಮಾಡಿ. ಇಲ್ಲಿಯವರೆಗೆ ‘ಅವರ’ ವಿಚಿತ್ರವನ್ನು ನಾವು ಸಹಿಸೋದಾಯ್ತು. ನಮ್ಮದು ಅವರಿಗೆ ಹೇಗೆ ಕಾಣುತ್ತೆ?

ತೋರಣಗಲ್ಲಿನ ಸ್ಟೀಲ್ ಫ್ಯಾಕ್ಟರಿ ಕೆಲಸಕ್ಕೆ ಉತ್ತರ ಭಾರತದಿಂದ ತುಂಬಾ ಜನ ಬಂದಿದ್ದಾರೆ. ನಮ್ಮ ಮನೆಯವರ ಪರಿಚಯದ ಒಬ್ಬರು ಆ ಕಡೆಯವರು ಒಮ್ಮೆ ಊಟಕ್ಕೆ ಬಂದಿದ್ದರು. ಮಾತಿಗೆ ಮಾತು ಬಂದು, ನಮ್ಮ ಅತ್ತೆಯನ್ನು ಅವರ ಸೋದರಮಾವನಿಗೇ ಕೊಟ್ಟಿದ್ದು ಅಂತ ಗೊತ್ತಾಯ್ತು. ಅವರ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಅವರ ಊರಲ್ಲಿ ಮಾವ ಅಂದರೆ ತಂದೆಯ ಸಮಾನ. ಮಗ ಅವರ ಮುಖವನ್ನೂ ಅಜ್ಜಿಯ ಮುಖವನ್ನೂ ನೋಡುತ್ತಿದ್ದ. ಅಜ್ಜಿಯ ಮದುವೆ ಯಾರಿಗಾದರೂ ಅಸಹ್ಯ ಅನ್ನಿಸಬಹುದು ಅಂತ ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಆಮೇಲೆ ಅವನಿಗೆ ಹೇಳಿದೆ. 1955ರ ಹಿಂದೂ ವಿವಾಹ ಕಾಯ್ದೆ ಕೂಡ ಹತ್ತಿರದ ಸಂಬಂಧದಲ್ಲಿ ಮದುವೆ ಬೇಡ ಅಂತಲೇ ಹೇಳುತ್ತೆ, ಆದರೆ ಎರಡೂ ಕಡೆಯ ರೂಢಿ ಒಪ್ಪಿದರೆ ಆಗಬಹುದು ಅಂತ ಬಿಟ್ಟಿದೆ. ಅಂದರೆ ಕಾನೂನಿಗೂ ಇಲ್ಲಿ ಒಂದೇ ಅಳತೆ ಸಿಗಲಿಲ್ಲ. (ರಕ್ತ ಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ಕೆಲವು ಕಾಯಿಲೆ ಬರುವ ಸಾಧ್ಯತೆ ಹೆಚ್ಚು ಅಂತ ಡಾಕ್ಟರು ಹೇಳೋದು ಬೇರೆ ಲೆಕ್ಕ. ಅದನ್ನೂ ಮಗನಿಗೆ ಹೇಳಿದ್ದೇನೆ. ಅಜ್ಜಿಯ ಎದುರಿಗಲ್ಲ.)

ಬೇಲಿ ಎಲ್ಲಿ ಹಾಕಬೇಕು

ಇಷ್ಟು ಹೇಳಿಕೊಟ್ಟ ಮೇಲೆ ಒಂದು ದಿನ ಮಗ ನನ್ನನ್ನೇ ಹಿಡಿದುಹಾಕಿದ. ‘ಹಂಗಾದ್ರ ಹದಿನೈದು ವರ್ಷದ ಹುಡುಗಿಗೆ ಮದುವಿ ಮಾಡೋದೂ ಅವರ ರೂಢಿ ಅಲ್ಲೇನು? ಅದನ್ನೂ ಒಪ್ಪಬೇಕಾ?’

ನಿಮ್ಮ ಮಕ್ಕಳೂ ಕೇಳುತ್ತಾರೆ, ತಯಾರಾಗಿರಿ. ನಾನು ಎರಡು ಪ್ರಶ್ನೆ ಕೊಟ್ಟೆ. ಯಾರಿಗೆ ನೋವಾಗುತ್ತೆ? ಆ ನೋವು ಉಣ್ಣುವವರಿಗೆ ‘ಬೇಡ’ ಅನ್ನೋ ಅವಕಾಶ ಇದೆಯಾ? ತತ್ತಿ ತಿನ್ನುವ ಗೆಳತಿ ತಾನೇ ಬಯಸಿ ತಿನ್ನುತ್ತಾಳೆ. ಹದಿನೈದರ ಹುಡುಗಿಯನ್ನು ಯಾರೂ ಕೇಳಿಲ್ಲ. ಹೋಟೆಲಿನಲ್ಲಿ ಬೇರೆ ಲೋಟದಲ್ಲಿ ಚಹಾ ಕುಡಿಯುವವನನ್ನೂ ಯಾರೂ ಕೇಳಿಲ್ಲ. ಅದಕ್ಕೇ ಇವು ರೂಢಿಯ ಡಬ್ಬಿಗೆ ಬರಲ್ಲ, ಎಷ್ಟು ಹಳೆಯ ರೂಢಿಯಾದರೂ ಸರಿ. ಕಾನೂನೂ ಇಲ್ಲಿ ರೂಢಿಗೆ ಜಾಗ ಬಿಟ್ಟಿಲ್ಲ: ಹುಡುಗಿಗೆ 18, ಹುಡುಗನಿಗೆ 21, ಅಸ್ಪೃಶ್ಯತೆಗೆ ಸಂವಿಧಾನದ 17ನೇ ವಿಧಿ. ಯಾವುದಾದರೂ ಗೆಳತಿಗೆ ಮದುವೆ ಗೊತ್ತು ಮಾಡಿದ ಸುದ್ದಿ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸಿ.

ಅವನು ಅಲ್ಲಿಗೂ ಬಿಡಲಿಲ್ಲ. ‘ಈ ಬೇಲಿ ಹಾಕಿದ್ದು ಯಾರು? ಅದೂ ನಿನ್ನ ನಂಬಿಕಿನೇ ಹೌದಲ್ಲೋ?’ ಹೌದು ಅಂದೆ. ನನ್ನ ನಂಬಿಕೆನೇ. ಅದಕ್ಕೆ ನನ್ನ ಹತ್ತಿರ ಕಾರಣ ಇದೆ, ನಿನ್ನ ಹತ್ತಿರ ಅದಕ್ಕಿಂತ ಒಳ್ಳೆ ಕಾರಣ ಇದ್ದರೆ ಹೇಳು, ಕೇಳ್ತೀನಿ ಅಂದೆ. ತತ್ವಶಾಸ್ತ್ರ ಓದಿದವರು ಇದಕ್ಕೆ ಇನ್ನೂ ಗಟ್ಟಿ ಉತ್ತರ ಕೊಟ್ಟಾರು. ಒಬ್ಬ ಅವ್ವನಿಗೆ ಇಷ್ಟೇ ಬರುತ್ತೆ.

ಅಜ್ಜಿಯ ವಿಷಯ

ಮನೆಯಲ್ಲಿ ಹಿರಿಯರಿದ್ದರೆ ದೊಡ್ಡ ತಲೆನೋವು ಇದೇ. ಅತ್ತೆಯನ್ನು ಮಕ್ಕಳ ಎದುರು ತಿದ್ದಬೇಡಿ. ಬೇರೆಯವರ ನಂಬಿಕೆಗೆ ಮರ್ಯಾದೆ ಕೊಡು ಅಂತ ಹೇಳಿ, ಅಜ್ಜಿಯ ನಂಬಿಕೆಗೆ ಮಾತ್ರ ಕೊಡದಿದ್ದರೆ ಮಕ್ಕಳು ನಮ್ಮನ್ನೇ ನಗುತ್ತಾರೆ. ನಮ್ಮ ಅತ್ತೆ ಸ್ಪಷ್ಟವಾಗಿ ಹೇಳಿದ್ದಾರೆ: ‘ನಾ ಈ ವಯಸ್ಸಿನ್ಯಾಗ ಬದಲಾಗಂಗಿಲ್ಲ. ಆ ಹುಡುಗಿ ಬರಲಿ, ಉಣ್ಣಲಿ. ನನ್ನ ದೇವರ ಮನಿಗೆ ಮಾತ್ರ ಬ್ಯಾಡ.’ ಹುಡುಗಿ ಬರುತ್ತಾಳೆ, ಪಡಸಾಲೆಯಲ್ಲಿ ಕೂತು ಮಂಡಕ್ಕಿ ಒಗ್ಗರಣಿ ತಿಂದು ಹೋಗುತ್ತಾಳೆ. ಇದು ನನಗೆ ಪೂರ್ತಿ ಸಮಾಧಾನವಾ? ಇಲ್ಲ. ‘ದೇವರ ಮನಿಗೆ ಬ್ಯಾಡ’ ಅನ್ನೋದು ರೂಢಿಯಾ, ನೋವಾ ಅಂತ ನನಗೇ ಇನ್ನೂ ಚೀಟಿ ಬಿದ್ದಿಲ್ಲ.

ಗಂಡ ಹೆಂಡತಿಗೆ ಒಮ್ಮತ ಇಲ್ಲದಿದ್ದರೆ ಮುಚ್ಚಿಡಬೇಡಿ. ದನಿ ಏರಿಸದೆ ಮಕ್ಕಳ ಎದುರೇ ವಾದ ಮಾಡಿ.

ಒಂದು ಭಾನುವಾರದ ಕೆಲಸ

ಕೊಪ್ಪಳದ ಆಸುಪಾಸಿನವರಾದರೆ ಮಕ್ಕಳನ್ನು ಗವಿಮಠದ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಅಶೋಕನ ಶಾಸನ ತೋರಿಸಿ. ಹತ್ತಿರದಲ್ಲೇ ಪಾಲ್ಕಿಗುಂಡಿನಲ್ಲಿ ಇನ್ನೊಂದಿದೆ. ರಾಯಚೂರಿನ ಕಡೆಯವರಿಗೆ ಮಸ್ಕಿ ಇದೆ, ಅಲ್ಲಿಯದರಲ್ಲಿ ಅಶೋಕನ ಹೆಸರೇ ಇದೆ. ಈ ಸಣ್ಣ ಶಾಸನಗಳು ಹೇಳೋದು ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಒಳ್ಳೆಯದನ್ನು ಪಡೆಯಬಹುದು ಅಂತ. ನಮ್ಮ ವಿಷಯಕ್ಕೆ ನೇರವಾಗಿ ಬರೋದು ಅವನ 12ನೇ ದೊಡ್ಡ ಶಾಸನ. ಅದೂ ದೂರ ಇಲ್ಲ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿದೆ. ತನ್ನ ಪಂಥವನ್ನೇ ಹೊಗಳಿ ಬೇರೆಯವರದನ್ನು ತೆಗಳುವವನು ತನ್ನ ಪಂಥಕ್ಕೇ ಜಾಸ್ತಿ ಕೇಡು ಮಾಡುತ್ತಾನೆ, ಆದ್ದರಿಂದ ಮಾತಿನ ಮೇಲೆ ಹಿಡಿತ ಇರಲಿ ಅನ್ನೋದು ಅದರ ಸಾರ. ಎರಡು ಸಾವಿರ ವರ್ಷಕ್ಕಿಂತ ಹಿಂದೆ ರಾಜ ಇದನ್ನು ಕಲ್ಲಿನಲ್ಲಿ ಕೆತ್ತಿಸಬೇಕಾಯ್ತು ಅಂದರೆ ಆಗಲೂ ಜನ ಬಾಯಿ ಬಿಟ್ಟಿದ್ದರು ಅಂತಲೇ ಅಲ್ವಾ ಅಂತ ಮಗ ಕೇಳಿದ. ಬಂಡೆ ನೋಡಿ ಇಳಿದು ಬಂದು ಮಿರ್ಚಿ ತಿನ್ನೋದನ್ನು ಮರೆಯಬೇಡಿ, ಇಲ್ಲದಿದ್ದರೆ ಮುಂದಿನ ಸಲ ಯಾರೂ ಬರಲ್ಲ.

ಎಷ್ಟು ದಿನ ಬೇಕು?

ಗೊತ್ತಿಲ್ಲ. ಅವಸರ ಮಾಡಬೇಡಿ. ಡಬ್ಬಿಗಳನ್ನು ಮಕ್ಕಳ ಕೈಗೆ ಎಟುಕುವ ಕಡೆ ಇಡಿ, ಚೀಟಿಯನ್ನು ಯಾವಾಗ ಬೇಕಾದರೂ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹಾಕಬಹುದು ಅನ್ನೋ ನಿಯಮ ಇರಲಿ. ಕಾರಣ ಹೇಳಬೇಕು, ಅಷ್ಟೇ.

ಮೊನ್ನೆ ನೋಡಿದರೆ ಫ್ರಿಡ್ಜಿನ ಮೇಲಿದ್ದ ‘ಮಾಂಸ ತಿನ್ನೋದು’ ಚೀಟಿ ‘ಯಾರಿಗಾದರೂ ನೋವು’ ಡಬ್ಬಿಯಲ್ಲಿತ್ತು. ಮಗನ ಕೆಲಸ ಅಂದುಕೊಂಡೆ. ‘ನಾನವ್ವ’ ಅಂದಳು ಮಗಳು. ಶಾಲೆಗೆ ಹೋಗುವ ದಾರಿಯ ಕೋಳಿ ಅಂಗಡಿ ಮುಂದೆ ಏನೋ ನೋಡಿದಳಂತೆ, ಜಾಸ್ತಿ ಹೇಳಲಿಲ್ಲ. ಎದೆ ಧಸಕ್ಕೆಂದಿತು. ಇಷ್ಟೆಲ್ಲ ಮಾಡಿ ಮತ್ತೆ ಮೊದಲಿಗೇ ಬಂದೆವಾ ಅಂತ, ‘ಹಂಗಾದ್ರ ನಿನ್ನ ಗೆಳತಿ?’ ಅಂತ ಕೇಳಿದೆ.

‘ಆಕಿಗೂ ಹೇಳೀನಿ. ಆಕಿ ಚೀಟಿ ಬ್ಯಾರೆ ಡಬ್ಬ್ಯಾಗ ಐತಂತ’ ಅಂದು, ಬೂಟು ಬಿಚ್ಚುತ್ತಾ, ‘ಇವತ್ತ ಬಾಳಿಹಣ್ಣು ಎರಡು ಕೊಟ್ಟಿದ್ರು, ಒಂದು ಆಕಿಗೆ ಕೊಟ್ಟೆ’ ಅಂದಳು.